ಷಷ್ಟ್ಯಬ್ದಿಗೆ ಮುಂಚೆ ಒಡೆದ ಮಡಕೆ

ಹೊಳೆನರಸೀಪುರದ ಚಲುವನಾರಾಯಣರಿಗೆ ಹೆಂಡತಿಯ ಆತ್ಮೋದ್ಧಾರದ ಯೋಚನೆ ಬಂದದ್ದು ಮದುವೆಯಾಗಿ ಮೂವತ್ತು ವರ್ಷ ಕಳೆದ ಮೇಲೆ, ಅದೂ ಅಧ್ಯಕ್ಷರ ಸೊಸೆಯ ಎದುರಿಗೆ ಕೈಕಟ್ಟಿ ನಿಂತಿದ್ದಾಗ. ಅದಕ್ಕೆ ಮುಂಚೆ ಶ್ರೀಗೌರಿಗೆ ಆತ್ಮ ಇಲ್ಲವೆಂದೇನೂ ಅವರು ಹೇಳಿದವರಲ್ಲ. ಸಾರಿಗೆ ಒಗ್ಗರಣೆ ಬಿದ್ದು, ಇಸ್ತ್ರಿಯಾದ ಅಂಗಿ ಗೂಟದಲ್ಲಿ ನೇತಾಡುತ್ತಿದ್ದರೆ ಆತ್ಮದ ಸುದ್ದಿ ಎತ್ತುವ ಅಗತ್ಯ ಅವರಿಗೆ ಬಿದ್ದಿರಲಿಲ್ಲ, ಅಷ್ಟೆ.

ಚಲುವನಾರಾಯಣರು ಹಾಸನದ ಒಂದು ಖಾಸಗಿ ಕಾಲೇಜಿನಲ್ಲಿ ಸೂಪರಿಂಟೆಂಡೆಂಟ್. ಮುಂದಿನ ವಾರ ಶುಕ್ರವಾರ ಅವರಿಗೆ ಅರವತ್ತು ತುಂಬುವುದಿತ್ತು. ಷಷ್ಟ್ಯಬ್ದಿ ಶಾಂತಿ ಎಂದರೆ ನಿಮಗೆ ಗೊತ್ತಲ್ಲ, ಅದೇ ಹೆಂಡತಿಗೆ ಇನ್ನೊಂದು ಸಲ ತಾಳಿ ಕಟ್ಟುವ ಸಂಭ್ರಮ. ಮೊದಲ ಮದುವೆಯಲ್ಲಿ ಹೊಗೆಗೆ ಕಣ್ಣುರಿ ಬಂದು ಒಂದು ಫೋಟೋದಲ್ಲೂ ಅವರ ಮುಖ ಸರಿಯಾಗಿ ಬಿದ್ದಿರಲಿಲ್ಲ. ಈ ಸಲ ಹಾಗಾಗಬಾರದೆಂದು ಮಂಟಪ, ಪೇಟ, ಫೋಟೋದವನು ಎಲ್ಲ ಆಗಲೇ ಗೊತ್ತುಮಾಡಿಯಾಗಿತ್ತು. ಉಳಿದದ್ದು ಒಂದೇ ಆಸೆ. ಕಾಲೇಜಿನ ಅಧ್ಯಕ್ಷರು, ಚನ್ನರಾಯಪಟ್ಟಣದ ಕೊಬ್ಬರಿ ಮಂಡಿ ಗಂಗಾಧರಯ್ಯನವರು, ಮುಂದಿನ ಸಾಲಿನಲ್ಲಿ ಕೂತು ಈ ಮದುವೆ ನೋಡಬೇಕು, ಗಂಗಾಧರಯ್ಯನವರು ಕೂತದ್ದನ್ನು ನೆಂಟರೆಲ್ಲ ನೋಡಬೇಕು.

ಕರೆಯಲು ಹೋದಾಗ ಗಂಗಾಧರಯ್ಯನವರು ನೋಡೋಣ ಎಂದರು. ದೊಡ್ಡವರು ನೋಡೋಣ ಎಂದರೆ ಬರುವುದಿಲ್ಲ ಎಂದೇ ಅರ್ಥ. ಚಲುವನಾರಾಯಣರು ಪೆಚ್ಚಾಗಿ ಏಳುವಷ್ಟರಲ್ಲಿ ಅವರ ಸೊಸೆ ರಂಜಿತಾ ಕಾಫಿ ತಂದಳು. ಆಕೆ ಶೆಟ್ಟಿಹಳ್ಳಿಯ ಹಿನ್ನೀರಿನ ದಂಡೆಯಲ್ಲಿ ಹೆಂಗಸರಿಗೆಂದೇ ಮೂರು ದಿನದ ‘ಶಕ್ತಿ ಸಂಗಮ’ ಎಂಬ ಅಧ್ಯಾತ್ಮದ ಉತ್ಸವ ನಡೆಸಲು ಹೊರಟಿದ್ದಳು. ಹಾಸನ, ಅರಕಲಗೂಡಿನಿಂದ ಬೇಕಾದಷ್ಟು ಜನ ಬರುತ್ತಾರಂತೆ, ಹೊಳೆನರಸೀಪುರದಿಂದ ಮಾತ್ರ ಒಬ್ಬರೂ ಇಲ್ಲವಂತೆ; ಅಲ್ಲಿಯ ಗಂಡಸರು ಹಳೇ ಕಾಲದವರು ಎಂದು ಆಕೆ ನಕ್ಕಳು. ಚಲುವನಾರಾಯಣರಿಗೆ ಊರಿನ ಮಾನವೆಲ್ಲ ತಮ್ಮೊಬ್ಬರ ತಲೆಯ ಮೇಲೆ ಬಂದು ಕೂತಂತಾಯಿತು. ನಮ್ಮ ಮನೆಯವರನ್ನು ನಾನೇ ಕಳಿಸುತ್ತೇನೆ ಮೇಡಂ, ಹೆಂಗಸರು ಮುಂದೆ ಬರಬೇಕೆಂಬುದು ನನ್ನ ಮೊದಲಿನಿಂದಲೂ ಇರುವ ಸಿದ್ಧಾಂತ ಎಂದರು. ಗಂಗಾಧರಯ್ಯನವರು ಪೇಪರಿನಿಂದ ತಲೆಯೆತ್ತಿ, ಹಾಗಾದರೆ ಶುಕ್ರವಾರ ಬರುತ್ತೇನೆ ಎಂದರು.

ಸಿದ್ಧಾಂತದ ಸುದ್ದಿ ಶ್ರೀಗೌರಿಗೆ ಗೊತ್ತಾದದ್ದು ಅಂದು ಸಂಜೆ. ಆಕೆ ಷಷ್ಟ್ಯಬ್ದಿಯ ಸಂಡಿಗೆಗೆಂದು ಅಕ್ಕಿ ನೆನೆಹಾಕಿದ್ದಳು. ಹೋಗಲ್ಲ ಎಂದಳು. ಚಲುವನಾರಾಯಣರು ಜಗಲಿಯ ಮೇಲೆ ಕೂತು, ಗಾರ್ಗಿ ಸಂಡಿಗೆ ಹಾಕಿಕೊಂಡು ಕೂತಿದ್ದರೆ ಉಪನಿಷತ್ತು ಎಲ್ಲಿ ಬರುತ್ತಿತ್ತು ಎಂದು ಬೀದಿಗೆಲ್ಲ ಕೇಳುವಂತೆ ಉಪನ್ಯಾಸ ಮಾಡಿದರು. ಅವರ ತಾಯಿ ಗೋದಮ್ಮ, ಎಂಬತ್ತು ದಾಟಿದ ಮಡಿ ಹೆಂಗಸು, ಮೂರು ದಿನ ಅಡುಗೆ ಯಾರು ಮಾಡುತ್ತಾರೆ ಎಂದಷ್ಟೇ ಕೇಳಿದರು. ಅದನ್ನು ನಾನು ನೋಡಿಕೊಳ್ಳುತ್ತೇನಮ್ಮ ಎಂದರು ಮಗರಾಯರು. ಗೋದಮ್ಮ ನಿಟ್ಟುಸಿರು ಬಿಟ್ಟು ಸೌಟು ಹುಡುಕಲು ಎದ್ದರು.

ಜೊತೆಗೆ ಪಕ್ಕದ ಮನೆಯ ರೇವಮ್ಮ ಹೊರಟರು. ಆಕೆಯ ಗಂಡ ರುದ್ರೇಶನದು ಚಲುವನಾರಾಯಣರ ಮನೆಯ ಎದುರಿಗೇ ಹಾರ್ಡ್‌ವೇರ್ ಅಂಗಡಿ. ಹೊರಡುವಾಗ ಚಲುವನಾರಾಯಣರು ತಮ್ಮ ದೊಡ್ಡ ಫೋನನ್ನು ಹೆಂಡತಿಯ ಕೈಗಿಟ್ಟು, ಆಕೆಯ ಬಟನ್ ಫೋನನ್ನು ತಾವು ಇಟ್ಟುಕೊಂಡರು. ಅಲ್ಲಿ ಏನೇ ಮಾಡಿದರೂ ಫೋಟೋ, ವಿಡಿಯೋ ತೆಗೆಸಿ, ಬೀದಿಯ ಗುಂಪು, ನೆಂಟರ ಗುಂಪು, ಕಾಲೇಜಿನ ಗುಂಪು, ಎಲ್ಲಕ್ಕೂ ಆಗಿಂದಾಗ್ಗೆ ಹಾಕಬೇಕೆಂದು ರೇವಮ್ಮನವರಿಗೆ ಬೆರಳಿಟ್ಟು ತೋರಿಸಿಕೊಟ್ಟರು. ಕೊನೆಗೆ ಹೆಂಡತಿಯನ್ನು ಪಕ್ಕಕ್ಕೆ ಕರೆದು, ಮುಖ್ಯವಾದ ಮಾತು ಹೇಳಿದರು.

“ಎಲ್ಲಿ ಬರೆಯೋ ಅವಕಾಶ ಸಿಕ್ಕಿದ್ರೂ ನನ್ನ ಹೆಸರು ಬರಿ. ದಪ್ಪಕ್ಷರದಲ್ಲಿ ಬರಿ. ಫೋಟೋದಲ್ಲಿ ಕಾಣಬೇಕು.”

ಶ್ರೀಗೌರಿ ಆಗಲಿ ಎಂದಳು. ಗಂಡ ಹೇಳಿದ್ದನ್ನು ಅಕ್ಷರಶಃ ಮಾಡುವುದು ಆಕೆಯ ಸ್ವಭಾವ. ಅದರಿಂದ ಮುಂದೇನಾದೀತು ಎಂದು ಯೋಚಿಸುವ ಕೆಲಸವನ್ನು ಆಕೆ ಗಂಡನಿಗೇ ಬಿಟ್ಟಿದ್ದಳು.

ಮೊದಲನೇ ದಿನ ಸಂಜೆ ಫೋನು ಬಂತು. ಶ್ರೀಗೌರಿಯ ಗಂಟಲು ಒಡೆದಿತ್ತು. ಬೆಳಗಿನಿಂದ ಕಿರುಚುವ ಕಾರ್ಯಾಗಾರವಂತೆ. ನೀರಿಗೆ ಮುಖ ಮಾಡಿ ನಿಂತು, ಮನೆಯಲ್ಲಿ ಇಷ್ಟು ವರ್ಷ ಬಾಯಿಬಿಟ್ಟು ಹೇಳಲಾಗದ್ದನ್ನು ಕೂಗಿ ಹೇಳಬೇಕಂತೆ. ಹಾಸನದ ಡಾಕ್ಟರಮ್ಮ ಒಬ್ಬರು ಕೂಗಿದ್ದಕ್ಕೆ ಕೊಕ್ಕರೆಗಳೆಲ್ಲ ಎದ್ದು ಹೋದವಂತೆ. ಚಲುವನಾರಾಯಣರು ಎದ್ದು ಹೋಗಿ ಬೀದಿ ಬಾಗಿಲು ಮುಚ್ಚಿ ಬಂದರು. ನೀನೇನು ಕೂಗಿದೆ ಎಂದು ಮೆತ್ತಗೆ ಕೇಳಿದರು. ‘ಎಲೆ ಹಾಕಿದೆ ಬನ್ನಿ’ ಎಂದು ಕೂಗಿದೆ, ಬೇರೇನೂ ತೋಚಲಿಲ್ಲ, ನೀರಿನಾಚೆಯ ಪಾಳು ಚರ್ಚು ಅದನ್ನೇ ತಿರುಗಿ ಹೇಳಿತು ಎಂದಳು ಶ್ರೀಗೌರಿ. ಚಲುವನಾರಾಯಣರು ಸಮಾಧಾನಗೊಂಡು ಎಲೆಯ ಮುಂದೆ ಕೂತರು.

ಎರಡನೇ ದಿನ ಮೈಗೆಲ್ಲ ಕೆರೆಮಣ್ಣು ಮೆತ್ತಿಕೊಂಡು ತಮಟೆ ಬಡಿದರಂತೆ. ಮಧ್ಯಾಹ್ನ ಸುಮ್ಮನೆ ಮಲಗುವ ಕಾರ್ಯಾಗಾರ. ಹಾಡುಹಗಲಲ್ಲಿ ಕಾಲು ಚಾಚಿ ಮಲಗಬೇಕು, ಯಾರು ಕರೆದರೂ ಏಳಕೂಡದು. ರೇವಮ್ಮ ಒಲೆ ಆರಿಸಿದೆನೋ ಇಲ್ಲವೋ ಎಂದು ನಾಲ್ಕಾರು ಸಲ ಎದ್ದು ಕೂತು, ಅಭ್ಯಾಸ ಸಾಲದೆಂದು ಅನ್ನಿಸಿಕೊಂಡರಂತೆ. ಶ್ರೀಗೌರಿಗೆ ಮಾತ್ರ ಒಳ್ಳೆ ನಿದ್ದೆ ಬಂದು, ಅಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರಂತೆ. ಮಲಗುವುದಕ್ಕೂ ತರಬೇತಿ ಉಂಟೇ ಎಂದು ಚಲುವನಾರಾಯಣರು ದಂಗಾದರು. ಆದರೂ ಗಂಗಾಧರಯ್ಯನವರನ್ನು ನೆನೆದು, ಮುಂದುವರಿಸು ಎಂದರು.

ಮೂರನೇ ದಿನ, ಭಾನುವಾರ, ಅವರು ಸೋದರಮಾವನನ್ನು ಕರೆಯಲು ರಾಮನಾಥಪುರಕ್ಕೆ ಹೋದರು. ಶೆಟ್ಟಿಹಳ್ಳಿಯಲ್ಲಿ ಅಂದು ಸಮಾರೋಪದ ಕಾರ್ಯಾಗಾರ, ಹೆಸರು ‘ಭಾರ ವಿಸರ್ಜನೆ’. ಹೆಂಗಸರೆಲ್ಲ ಬಿಳೀ ಸೀರೆಯುಟ್ಟು ಹಿನ್ನೀರಿನಲ್ಲಿ ಮುಳುಗಿ ಒದ್ದೆ ಸೀರೆಯಲ್ಲೇ ಬಂದು ನಿಂತರು. ಒಬ್ಬೊಬ್ಬರಿಗೂ ಒಂದೊಂದು ಹೊಸ ಮಡಕೆ. ಬಿಟ್ಟುಬಿಡಬೇಕಾದ್ದನ್ನು ಅದರ ಮೇಲೆ ಇದ್ದಿಲಲ್ಲಿ ಬರೆದು, ನೀರು ತುಂಬಿ, ಎಡ ಹೆಗಲ ಮೇಲೆ ಹೊತ್ತುಕೊಳ್ಳುವುದು. ನಡುವೆ ಒಟ್ಟಿದ ಸೌದೆಯ ರಾಶಿಗೆ ಎಡಕ್ಕೆ ಮೂರು ಸುತ್ತು ಬರುವುದು. ಸುತ್ತಿಗೊಮ್ಮೆ ರಂಜಿತಾ ಕಲ್ಲಿನಿಂದ ಮಡಕೆಗೆ ತೂತು ಮಾಡುತ್ತಾಳೆ, ಭಾರವೆಲ್ಲ ಹನಿಹನಿಯಾಗಿ ಸೋರಿಹೋಗಲಿ ಎಂದು. ಕೊನೆಗೆ ಮಡಕೆಯನ್ನು ಬೆನ್ನ ಹಿಂದಕ್ಕೆ ಕೆಡವಿ, ತಿರುಗಿ ನೋಡದೆ ನಡೆದುಬಿಡುವುದು.

ಹೆಣ ಸುಡುವ ಮುಂಚೆ ಮಗ ಮಾಡುವ ಕರ್ಮವೇ ಇದೆಂದು ಓದುಗರಿಗೆ ಈಗಾಗಲೇ ಹೊಳೆದಿರಬೇಕು. ರಂಜಿತಾಳದೇನೂ ತಪ್ಪಿಲ್ಲ. ಅವಳ ಮನೆತನದಲ್ಲಿ ಸತ್ತವರನ್ನು ಕೂರಿಸಿ ಸಮಾಧಿ ಮಾಡುತ್ತಾರೆ, ಮಡಕೆಗೂ ಸಾವಿಗೂ ಅಲ್ಲಿ ಯಾವ ನಂಟೂ ಇಲ್ಲ. ರೇವಮ್ಮನವರದೂ ಅದೇ ಸಂಪ್ರದಾಯ. ಇನ್ನು ಶ್ರೀಗೌರಿ. ಆಕೆಯ ತೌರಿನಲ್ಲೂ ಗಂಡನ ಮನೆಯಲ್ಲೂ ಹೆಂಗಸರು ಹೆಣದ ಹಿಂದೆ ಬೀದಿಯ ಕೊನೆಯವರೆಗೂ ಹೋದವರಲ್ಲ. ಮನೆ ಸಾರಿಸಿ ಸ್ನಾನಕ್ಕೆ ನೀರು ಕಾಯಿಸುವಷ್ಟಕ್ಕೆ ಆಕೆಯ ಮಟ್ಟಿಗೆ ಸಾವು ಮುಗಿಯುತ್ತಿತ್ತು. ಸಿನಿಮಾದಲ್ಲಿ ಸಾಯುವ ಭಾಗ ಬಂದಾಗ ಆಕೆ ಎದ್ದು ಹಾಲಿಗೆ ಹೆಪ್ಪು ಹಾಕಲು ಹೋಗುತ್ತಿದ್ದಳು. ಹೀಗೆ ಹೆಗಲ ಮೇಲಿನ ಮಡಕೆ ಏನೆಂದು ಗೊತ್ತಿಲ್ಲದವರೇ ಅಲ್ಲಿ ಕೈಗೆ ಕೈ ಕೂಡಿಸಿದ್ದರು. ಗೊತ್ತಿದ್ದ ಒಂದಿಬ್ಬರು, ದೊಡ್ಡವರ ಮನೆಯ ಸೊಸೆ ಮಾಡಿಸುತ್ತಿದ್ದಾಳೆ, ಇದು ಬೇರೇನೋ ಇರಬೇಕು ಎಂದು ಬಾಯಿ ಮುಚ್ಚಿಕೊಂಡರು.

ಬೇರೆಯವರು ಮಡಕೆಯ ಮೇಲೆ ಸಿಟ್ಟು, ಭಯ, ನಾದಿನಿ ಎಂದೆಲ್ಲ ಬರೆದರು. ಶ್ರೀಗೌರಿಗೆ ಬರೆಯುವ ಅವಕಾಶ ಸಿಕ್ಕಿದ್ದು ಅದೇ ಮೊದಲು. ದಪ್ಪಕ್ಷರದಲ್ಲಿ ‘ಚಲುವನಾರಾಯಣ’ ಎಂದು ಬರೆದಳು. ಮಡಕೆ ದೊಡ್ಡದಿತ್ತು, ಜಾಗ ಉಳಿಯಿತು. ‘ಭಾರದ್ವಾಜ ಗೋತ್ರ, ಹೊಳೆನರಸೀಪುರ’ ಎಂದೂ ಸೇರಿಸಿದಳು. ಮೊದಲೆರಡು ದಿನ ಕಳಿಸುವುದು ತಿಳಿಯದೆ ಸುಮ್ಮನಿದ್ದ ರೇವಮ್ಮ ಅಂದು ವಿಡಿಯೋ ಹಿಡಿದು, ‘ಗೌರಮ್ಮೋರು ಧೈರ್ಯವಾಗಿ ನಿಂತು ಎಲ್ಲಾ ಮಾಡಿ ಮುಗಿಸಿದರು’ ಎಂದು ಬರೆದು, ಚಲುವನಾರಾಯಣರದೇ ನಂಬರಿನಿಂದ ಎಲ್ಲ ಗುಂಪುಗಳಿಗೂ ಕಳಿಸಿದರು. ಮರುಗಳಿಗೆಯೇ ಫೋನಿನ ಚಾರ್ಜು ಮುಗಿದು ಅದು ಆರಿಹೋಯಿತು.

ಆಮೇಲೆ ಗುಂಪುಗಳಲ್ಲಿ ಓಂ ಶಾಂತಿಯ ಮಳೆ. ಚಲುವನಾರಾಯಣರ ನಂಬರಿಗೆ ಯಾರು ಹಚ್ಚಿದರೂ ಸ್ವಿಚ್ ಆಫ್. ಅದರಿಂದ ಇದ್ದೊಂದು ಅನುಮಾನವೂ ಹೋಯಿತು. ಗಂಡುಮಕ್ಕಳಿಲ್ಲದ ಮನೆ, ಪಾಪ, ಹೆಂಡತಿಯೇ ನಿಂತು ಮಾಡಿದ್ದಾಳೆ ಎಂದು ಜನ ಕಣ್ಣೊರೆಸಿಕೊಂಡರು. ಶ್ರೀಗೌರಿಗೆ ಸಮಾಧಾನ ಹೇಳೋಣವೆಂದು ನೆಂಟರು ಆಕೆಯ ಬಟನ್ ಫೋನಿಗೆ ಹಚ್ಚಿದರು. ಅದು ರಾಮನಾಥಪುರದಲ್ಲಿ, ಸೋದರಮಾವನ ಜಗಲಿಯಲ್ಲಿ, ಚಲುವನಾರಾಯಣರ ಜೇಬಿನಲ್ಲಿತ್ತು. ಹಲೋ, ನಾನು ಚಲುವನಾರಾಯಣ ಎಂದು ಅವರು ಗಂಭೀರವಾಗಿ ಹೇಳಿದ ಕೂಡಲೇ ಆ ಕಡೆ ಒಂದು ಚೀತ್ಕಾರ ಕೇಳಿ ಲೈನು ಕಟ್ಟಾಗುತ್ತಿತ್ತು. ಸಾಲಾಗಿ ಹೀಗೇ ಆಯಿತು. ಕಾವೇರಿ ದಡದಲ್ಲಿ ನೆಟ್‌ವರ್ಕು ಸರಿಯಿಲ್ಲ ಎಂದು ಮಾವನಿಗೆ ಹೇಳಿ, ಚಾರ್ಜು ತೀರಿದ ಫೋನನ್ನು ಚೀಲಕ್ಕೆ ಹಾಕಿ ನೆಮ್ಮದಿಯಿಂದ ಮಲಗಿದರು. ಆ ಮಾವನಾದರೋ ಯಾವ ಫೋನೂ ಇಲ್ಲದ ಪುಣ್ಯಾತ್ಮ.

ಸೋಮವಾರ ಬೆಳಿಗ್ಗೆ ರಾಮನಾಥಪುರದಿಂದ ನೇರವಾಗಿ ಕಾಲೇಜಿಗೆ ಹೊರಟರು. ಅರಕಲಗೂಡಿನಲ್ಲಿ ಬಸ್ಸು ನಿಂತಾಗ ಹೊಗೆಸೊಪ್ಪು ಬೆಳೆಯುವ ಚಂದ್ರಯ್ಯ ಹತ್ತಿದ. ಹಿಂದೊಮ್ಮೆ ಅವನ ಮಗಳಿಗೆ ಸೀಟು ಕೊಡಿಸಿದ್ದರಿಂದ ಪರಿಚಯ. ಅವನು ಅವರ ಪಕ್ಕದಲ್ಲೇ ಕೂತು, ಟಿಕೆಟ್ ಇಸಿದುಕೊಂಡು, ಆಮೇಲೆ ಮುಖ ನೋಡಿದ. ಚೀಲವನ್ನು ಎದೆಗವುಚಿಕೊಂಡು ಸೀಟಿನ ಅಂಚಿಗೆ ಸರಿದ.

“ಸಾ, ನೆನ್ನೆನೇ ಎಲ್ಲಾ ಮುಗೀತು ಅಂದ್ರು. ನೀವ್ ನೋಡುದ್ರೆ ಇಲ್ಲಿ ಕುಂತಿದ್ದೀರಿ.”

“ಎಲ್ಲಿ ಮುಗೀತಯ್ಯ, ಮುಖ್ಯವಾದ್ದು ಶುಕ್ರವಾರ ಇದೆ. ನೀನು ಬರ್ಲೇಬೇಕು.”

“ನಾನ್ಯಾಕ್ ಸಾ ಬರ್ಲಿ? ನಮ್ ಉಡುಗೀಗ್ ಇನ್ನೂ ಮದ್ವೆ ಆಗಿಲ್ಲ.”

“ಅವಳನ್ನೂ ಕರ್ಕೊಂಡು ಬಾ. ಸಂಸಾರ ಸಮೇತ ಬರ್ಬೇಕು, ಒಬ್ರೂ ಉಳೀಬಾರ್ದು. ನಾನೇ ಬಂದು ಕರೀಬೇಕಿತ್ತು, ಸಿಕ್ಕಿದ್ದು ಒಳ್ಳೇದಾಯ್ತು.”

ಚಂದ್ರಯ್ಯ ಎದ್ದು ನಿಂತು ಎರಡೂ ಕೈ ಮುಗಿದ. “ಬ್ಯಾಡಿ ಸಾ. ನಾನ್ ನಿಮ್ಗೆ ಏನೂ ಮಾಡಿಲ್ಲ,” ಎಂದವನೇ ಬಸ್ಸು ಇನ್ನೂ ಸ್ಟ್ಯಾಂಡಿನಿಂದ ಹೊರಬೀಳುತ್ತಿದ್ದಂತೆ ಬಾಗಿಲ ಕಡೆ ಓಡಿ ಇಳಿದುಬಿಟ್ಟ. ಎಷ್ಟು ಸಂಕೋಚದ ಮನುಷ್ಯ, ಊಟಕ್ಕೆ ಕರೆದರೆ ಹೀಗೆ ನಾಚುತ್ತಾನಲ್ಲ ಎಂದು ಚಲುವನಾರಾಯಣರಿಗೆ ಅವನ ಮೇಲೆ ಅಭಿಮಾನ ಉಕ್ಕಿತು.

ಕಾಲೇಜಿನ ಗೇಟಿನಲ್ಲಿ ಹುಡುಗರು ನಗುನಗುತ್ತ ಹೊರಗೆ ಹೋಗುತ್ತಿದ್ದರು. ಸಭಾಂಗಣದಲ್ಲಿ ಸಿಬ್ಬಂದಿಯೆಲ್ಲ ತಲೆ ತಗ್ಗಿಸಿ ಕಣ್ಣು ಮುಚ್ಚಿ ನಿಂತಿದ್ದರು. ಯಾರೋ ಹೋಗಿದ್ದಾರೆ ಎಂದು ತಿಳಿಯಿತು. ಚಲುವನಾರಾಯಣರು ಶಿಸ್ತಿನ ಮನುಷ್ಯ, ಸದ್ದಿಲ್ಲದೆ ಹೋಗಿ ಹಿಂದಿನ ಸಾಲಿನಲ್ಲಿ ನಿಂತು, ತಾವೂ ಕಣ್ಣು ಮುಚ್ಚಿ ಆ ಬಡಪಾಯಿಯ ಆತ್ಮಕ್ಕೆ ಶಾಂತಿ ಕೋರಿದರು. ಆಮೇಲೆ ಕುತೂಹಲ ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದ ಲೈಬ್ರರಿಯ ನಾಗಲಕ್ಷ್ಮಿಯನ್ನು ಪಿಸುಮಾತಿನಲ್ಲಿ ಯಾರಮ್ಮ ಎಂದು ಕೇಳಿದರು.

“ನಮ್ಮ ಸೂಪರಿಂಟೆಂಡೆಂಟ್ ಸಾರ್,” ಎಂದಳು ನಾಗಲಕ್ಷ್ಮಿ ಕಣ್ಣು ಬಿಡದೆ.

ಯಾವ ಸೂಪರಿಂಟೆಂಡೆಂಟ್ ಎಂದು ಚಲುವನಾರಾಯಣರು ಯೋಚಿಸಿದರು. ಈ ಕಾಲೇಜಿನಲ್ಲಿ ಇರುವವರು ತಾವೊಬ್ಬರೇ ಎಂಬುದು ಹೊಳೆಯುವುದಕ್ಕೂ, ನಾಗಲಕ್ಷ್ಮಿ ಕಣ್ಣು ತೆರೆದು ಪಕ್ಕಕ್ಕೆ ನೋಡುವುದಕ್ಕೂ ಸರಿಹೋಯಿತು. ಆಕೆ ಕೂಗಲೂ ಇಲ್ಲ, ಇದ್ದಲ್ಲೇ ಕುಸಿದಳು. ಆ ಸದ್ದಿಗೆ ಸಾಲುಸಾಲಾಗಿ ಕಣ್ಣುಗಳು ತೆರೆದವು. ಮುಂದೆ ಮೇಜಿನ ಮೇಲೆ ಸೇವಂತಿಗೆ ಹಾರ ಹಾಕಿಸಿಕೊಂಡು ನಗುತ್ತಿದ್ದ ತಮ್ಮ ಫೋಟೋ ಆಗ ಚಲುವನಾರಾಯಣರಿಗೆ ಕಂಡಿತು. ಅದು ಬಸ್ ಪಾಸಿನ ಫೋಟೋ. ಅದಕ್ಕಿಂತ ಒಳ್ಳೆಯದು ಇವರಿಗೆ ಸಿಗಲಿಲ್ಲವೇ ಎಂಬುದು ಅವರ ಮನಸ್ಸಿಗೆ ಬಂದ ಮೊದಲನೇ ವಿಚಾರ.

ಶ್ರದ್ಧಾಂಜಲಿ ಓದಲು ನಿಂತಿದ್ದ ಗುಮಾಸ್ತ ಪರಮೇಶ್ ಮಂಕಾದ. ಮುಂದಿನ ಸೂಪರಿಂಟೆಂಡೆಂಟ್ ಅವನೇ ಆಗಬೇಕಿತ್ತು. ಪ್ರಿನ್ಸಿಪಾಲರು ಮೊದಲು ಬೆವರೊರೆಸಿಕೊಂಡರು, ಆಮೇಲೆ ಅವರಿಗೆ ಸಿಟ್ಟು ಬಂತು. ರಜೆ ಘೋಷಣೆಯಾಗಿದೆ, ಮಕ್ಕಳು ಮನೆಗೆ ಹೋಗಿದ್ದಾರೆ, ಅದನ್ನೆಲ್ಲ ಈಗ ವಾಪಸು ತೆಗೆದುಕೊಳ್ಳಲಾಗುವುದಿಲ್ಲ, ಆದ್ದರಿಂದ ಇವತ್ತೊಂದು ದಿನ ದಯವಿಟ್ಟು ನೀವು ಯಾರ ಕಣ್ಣಿಗೂ ಬೀಳಬೇಡಿ ಎಂದರು. ಪರಮೇಶ್ ತನ್ನ ಫೋನಿನಲ್ಲಿ ವಿಡಿಯೋ ತೋರಿಸಿದ. ಒದ್ದೆ ಸೀರೆ, ಹೆಗಲ ಮೇಲೆ ಮಡಕೆ, ಮಡಕೆಯ ಮೇಲೆ ದಪ್ಪಕ್ಷರದಲ್ಲಿ ತಮ್ಮ ಹೆಸರು. ಮಡಕೆ ಬಿದ್ದು ಫಳಾರೆಂದಾಗ ಚಲುವನಾರಾಯಣರು ತಮ್ಮ ಎದೆ ಮುಟ್ಟಿ ನೋಡಿಕೊಂಡರು.

ಮನೆ ಮುಟ್ಟಿದರೆ ಎಲ್ಲ ಸರಿಹೋದೀತೆಂದು ಹೊಳೆನರಸೀಪುರದ ಬಸ್ಸು ಹಿಡಿದರು. ಬೀದಿಯಲ್ಲಿ ಅವರನ್ನು ನೋಡಿ ಯಾರೂ ಹೆದರಲಿಲ್ಲ, ಏಕೆಂದರೆ ಹಿಂದಿನ ಸಂಜೆಯೇ ಶ್ರೀಗೌರಿ ನಗುತ್ತ ಆಟೋ ಇಳಿದು, ಅಳುತ್ತಿದ್ದ ಅತ್ತೆಗೂ ಬೀದಿಯವರಿಗೂ ಇದ್ದ ಸಂಗತಿ ಹೇಳಿದ್ದಳು; ಕಾಲೇಜಿಗೂ ತಿಳಿಸಬೇಕೆಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಆದರೆ ಬಾಗಿಲಲ್ಲಿ ಗೋದಮ್ಮ ಅಡ್ಡ ನಿಂತಿದ್ದರು. ಅವರ ಹಿಂದೆ ಪುರೋಹಿತರಾದ ಅಳಸಿಂಗಾಚಾರ್ಯರು ಕನ್ನಡಕ ಮೂಗಿಗಿಳಿಸಿ ದಪ್ಪ ಪುಸ್ತಕವೊಂದನ್ನು ತೊಡೆಯ ಮೇಲೆ ಹರಡಿಕೊಂಡಿದ್ದರು.

“ಅಲ್ಲೇ ನಿಲ್ಲೋ,” ಎಂದರು ಗೋದಮ್ಮ.

“ಅಮ್ಮಾ, ನಾನು ಬದುಕಿದ್ದೀನಿ.”

“ಬದುಕಿರೋದು ಕಾಣಿಸ್ತಿದೆ ಕಣೋ. ಆದ್ರೆ ನಿನ್ನ ಕರ್ಮ ಆಗೋಗಿದೆ. ಕರ್ಮ ಆದೋರು ಹೊಸಲು ದಾಟೋ ಹಾಗಿಲ್ಲ.”

ಚಲುವನಾರಾಯಣರು ಆಚಾರ್ಯರ ಕಡೆ ತಿರುಗಿದರು. ಅದು ಬರೀ ಆಟ ಸ್ವಾಮಿ, ಹೆಂಗಸರ ಆಟ ಎಂದು ಬೇಡಿಕೊಂಡರು. ಅಳಸಿಂಗಾಚಾರ್ಯರು ನ್ಯಾಯಾಧೀಶರ ಗತ್ತಿನಲ್ಲಿ ವಿಚಾರಿಸಿದರು. ಹೆಸರು ಇತ್ತೇ? ಇತ್ತು. ಗೋತ್ರ? ಅದೂ ಇತ್ತು. ತುಂಬಿದ ನೀರು, ಒದ್ದೆ ಬಟ್ಟೆ, ಎಡ ಹೆಗಲು, ಎಡಸುತ್ತು, ತೂತು? ಎಲ್ಲವೂ ಇದ್ದವು. ತಿರುಗಿ ನೋಡಿದರೇ? ಇಲ್ಲ, ವಿಡಿಯೋದಲ್ಲೇ ಸಾಕ್ಷಿ ಇದೆ. ಮಂತ್ರ ಇರಲಿಲ್ಲವಲ್ಲ ಎಂದು ಚಲುವನಾರಾಯಣರು ಕೊನೆಯ ಹುಲ್ಲುಕಡ್ಡಿ ಹಿಡಿದರು. ಹೆಂಗಸರು ಮಾಡುವ ಕರ್ಮಕ್ಕೆ ಮಂತ್ರ ಬೇಕಾಗಿಲ್ಲ ಎಂದು ಆಚಾರ್ಯರು ಅದನ್ನೂ ಕಿತ್ತುಕೊಂಡರು. ನನ್ನ ಸರ್ವೀಸಿನಲ್ಲಿ ಇಷ್ಟು ಲೋಪವಿಲ್ಲದೆ ಯಾರಿಗೂ ಆಗಿಲ್ಲ ಎಂದು ಅವರಿಗೆ ಸ್ವಲ್ಪ ಮೆಚ್ಚುಗೆಯೂ ಇತ್ತು.

ಸುತ್ತ ಬೀದಿಯ ಜನ ಸೇರಿದ್ದರು. ಚಲುವನಾರಾಯಣರಿಗೆ ಅವಮಾನವೂ ರೋಷವೂ ಒಟ್ಟಿಗೆ ಬಂದು, ಒಳಗೆ ಅಕ್ಕಿ ರುಬ್ಬುತ್ತಿದ್ದ ಹೆಂಡತಿಯನ್ನು ಕೂಗಿದರು. ಇಷ್ಟು ವಯಸ್ಸಾಗಿದೆ, ಮಡಕೆ ಒಡೆಯುವುದೆಂದರೆ ಏನೆಂದು ನಿನಗೆ ಗೊತ್ತಾಗಲಿಲ್ಲವೇ ಎಂದು ಗದರಿದರು. ಶ್ರೀಗೌರಿ ಕೈಯೊರೆಸಿಕೊಳ್ಳುತ್ತ ಬಂದಳು.

“ಹೆಂಗೆ ಗೊತ್ತಾಗಬೇಕಿತ್ತು? ನಮ್ಮಪ್ಪ ಹೋದಾಗ ನಾನೂ ಮಸಣಕ್ಕೆ ಬರ್ತೀನಿ ಅಂತ ಅಳ್ತಾ ಕೇಳಿದ್ದೆ. ಹೆಂಗಸರು ಬರಬಾರದು ಅಂತ ನೀವೇ ಒಳಗೆ ಕಳಿಸಿ ಚಿಲಕ ಹಾಕಿದ್ರಿ.”

ಆ ಚಿಲಕ ಹಾಕಿದ್ದು ಚಲುವನಾರಾಯಣರಿಗೆ ಮರೆತೇ ಹೋಗಿತ್ತು, ಈಗ ನೆನಪಾಗಿ ಎಲ್ಲೋ ಒಳಗೆ ಚುರುಕ್ಕೆಂದಿತು.

ಇದಕ್ಕೆ ಪರಿಹಾರ ಶಾಸ್ತ್ರದಲ್ಲಿ ಇದೆ ಎಂದು ಅಳಸಿಂಗಾಚಾರ್ಯರು ಪುಸ್ತಕ ಬಡಿದರು. ಸತ್ತನೆಂದು ಕರ್ಮ ಮಾಡಿಸಿಕೊಂಡವನು ತಿರುಗಿ ಬಂದರೆ ಅವನು ಮತ್ತೆ ಹುಟ್ಟಬೇಕು. ತುಪ್ಪದಲ್ಲಿ ಮೀಯಿಸಿ, ಜಾತಕರ್ಮ ಮಾಡಿ, ಹೆಸರಿಟ್ಟು, ಮುಂಜಿ ಮಾಡಿ, ಕೊನೆಗೆ ಅದೇ ಹೆಂಡತಿಯನ್ನು ಹೊಸದಾಗಿ ಮದುವೆ ಮಾಡಿಕೊಂಡರೆ ಮಾತ್ರ ಅವನು ಆಕೆಯ ಗಂಡ, ಆಮೇಲೆಯೇ ಮನೆ. ಹಾಗಾದರೆ ಶುಕ್ರವಾರದ ನನ್ನ ಷಷ್ಟ್ಯಬ್ದಿ ಎಂದು ಚಲುವನಾರಾಯಣರು ತೊದಲಿದರು. “ಶುಕ್ರವಾರ ಬೆಳಿಗ್ಗೆ ಹುಟ್ಟಿದ ಕೂಸಿಗೆ ಅರವತ್ತು ಎಲ್ಲಿಂದ ಬರತ್ತೆ?” ಎಂದರು ಆಚಾರ್ಯರು. ಮಂಟಪ ಹೇಗೂ ಗೊತ್ತುಮಾಡಿಯಾಗಿದೆ, ನೆಂಟರು ಬರುತ್ತಾರೆ, ಅಲ್ಲೇ ಎಲ್ಲವನ್ನೂ ಸಾಲಾಗಿ ಮಾಡಿಬಿಡೋಣ ಎಂದು ತೀರ್ಮಾನವಾಯಿತು. ಅಲ್ಲಿಯವರೆಗೆ ರುದ್ರೇಶ ತನ್ನ ಅಂಗಡಿಯ ಮೇಲಿನ ಗೋದಾಮಿನಲ್ಲಿ, ಪೈಪುಗಳ ಪಕ್ಕದಲ್ಲಿ, ಒಂದು ಚಾಪೆ ಹಾಸಿಕೊಟ್ಟ.

“ಯೋಚ್ನೆ ಮಾಡ್ಬ್ಯಾಡಿ ಸ್ವಾಮಿ, ಮಡಕೆ ಒಡೆದೋರೇ ನಿಮ್ನ ಕಟ್ಕೋತಾರೆ. ಇನ್ನೆಲ್ ಓಗ್ತಾರೆ,” ಎಂದು ಧೈರ್ಯ ಹೇಳಿದ.

ಆ ಮಾತಿನ ಮೇಲೆ ಭರವಸೆಯಿಟ್ಟು ಚಲುವನಾರಾಯಣರು ದಿನ ಕಳೆದರು. ಮನೆ ಎದುರಿಗೇ ಕಾಣುತ್ತಿತ್ತು. ಬೆಳಿಗ್ಗೆ ಕಾಫಿಯ ವಾಸನೆ ಬರುತ್ತಿತ್ತು, ಕಾಫಿ ಬರುತ್ತಿರಲಿಲ್ಲ. ಶ್ರೀಗೌರಿ ತಾರಸಿಯ ಮೇಲೆ ಸಂಡಿಗೆ ಹಾಕಿ, ಮಧ್ಯಾಹ್ನ ಅಲ್ಲೇ ನೆರಳಿನಲ್ಲಿ ಕಾಲು ಚಾಚಿ ಮಲಗುತ್ತಿದ್ದಳು. ಗೋದಮ್ಮನೂ ಪಕ್ಕದಲ್ಲಿ ಮಲಗಲು ಕಲಿಯುತ್ತಿದ್ದರು. ಇವರು ಕಿಟಕಿಯಿಂದ ಕೆಮ್ಮಿದರೆ ಇಬ್ಬರೂ ಏಳುತ್ತಿರಲಿಲ್ಲ. ಅವರಿಗೆ ಹೆಂಡತಿ ಬೇಕು ಅನ್ನಿಸತೊಡಗಿತು. ಗಂಗಾಧರಯ್ಯ ಬರಲಿ ಬಿಡಲಿ, ಫೋಟೋ ಬೀಳಲಿ ಬಿಡಲಿ, ಆ ಹೊಸಲು ದಾಟಿ ಒಳಗೆ ಹೋಗಿ ಅವಳ ಕೈಯ ಕಾಫಿ ಕುಡಿದರೆ ಸಾಕು ಅನ್ನಿಸಿತು.

ಶುಕ್ರವಾರ ಮಂಟಪ ಕಿಕ್ಕಿರಿಯಿತು. ಷಷ್ಟ್ಯಬ್ದಿಗೆ ಬಾರದವರೂ ಸತ್ತವನ ಮದುವೆ ನೋಡಲು ಬಂದಿದ್ದರು. ಗಂಗಾಧರಯ್ಯನವರು ಮುಂದಿನ ಸಾಲಿನಲ್ಲೇ ಕೂತಿದ್ದರು. ರಂಜಿತಾಳಂತೂ ಇದು ಪುನರ್ಜನ್ಮದ ಕಾರ್ಯಾಗಾರ, ಮುಂದಿನ ವರ್ಷ ನಮ್ಮಲ್ಲೂ ಇಡೋಣ ಎಂದು ಹುರುಪಿನಿಂದ ಓಡಾಡುತ್ತಿದ್ದಳು. ಅಡುಗೆಯವರ ಕೊಪ್ಪರಿಗೆಯಲ್ಲಿ ಬಿಸಿನೀರು ತುಂಬಿ, ತುಪ್ಪ ಸುರಿದು, ಅದರಲ್ಲಿ ಚಲುವನಾರಾಯಣರನ್ನು ಮೊಣಕಾಲು ಮಡಿಸಿ ಕೂರಿಸಿದರು. ಎತ್ತುವಾಗ ಜಾರಿ ಎರಡು ಸಲ ತಿರುಗಿ ಬಿದ್ದರು. ಮೂರನೆಯ ಸಲಕ್ಕೆ ಹುಟ್ಟಿದರು.

ಹೆಸರಿಡುವ ಹೊತ್ತಿಗೆ ಆಚಾರ್ಯರು, ಹಳೇ ಹೆಸರೇ ಇರಲಿ ಅಲ್ಲವೇ ಎಂದು ಗೋದಮ್ಮನನ್ನು ಕೇಳಿದರು. ಗೋದಮ್ಮ ತಲೆಯಾಡಿಸಲಿಲ್ಲ. ಚಲುವನಾರಾಯಣ ಎಂಬುದು ತಮ್ಮ ಮಾವನವರು ಇಟ್ಟ ಹೆಸರಂತೆ. ಅವತ್ತು ಬಾಣಂತಿ ಕೋಣೆಯಿಂದ ತಮ್ಮ ಮಾತು ಯಾರಿಗೂ ಕೇಳಿಸಿರಲಿಲ್ಲವಂತೆ. ತಮಗೆ ಬೇರೆ ಹೆಸರಿನ ಆಸೆಯಿತ್ತಂತೆ. ಮಗನ ತುಪ್ಪದ ಕಿವಿಗೆ ಬಾಗಿ, ಅರವತ್ತು ವರ್ಷ ಬಾಯೊಳಗಿಟ್ಟುಕೊಂಡಿದ್ದ ಹೆಸರನ್ನು ಹೇಳಿದರು.

“ವಂಶಿ.”

ಸಭೆ ಮುಸಿಮುಸಿ ನಕ್ಕಿತು. ವಂಶಿಗೆ ಅಳು ಬಂತು. ಹುಟ್ಟಿದ ಕೂಸು ಅಳುವುದು ಶುಭ ಎಂದು ಆಚಾರ್ಯರು ಮುಂದಿನ ಕರ್ಮಕ್ಕೆ ಹೊರಟರು. ತಲೆ ಬೋಳಿಸಿ, ಹೊಸ ಜನಿವಾರ ಹಾಕಿ, ಜೋಳಿಗೆ ಕೊಟ್ಟು ಭಿಕ್ಷೆಗೆ ಕಳಿಸಿದರು. ಹೆಂಗಸರ ಸಾಲಿನ ಮುಂದೆ ನಿಂತು ಭವತಿ ಭಿಕ್ಷಾಂ ದೇಹಿ ಎಂದು ಬೇಡಿದರು. ಹಿಂದೆ ಅವರ ಮಾತಿಗೆ ತಲೆ ತಗ್ಗಿಸುತ್ತಿದ್ದ ನೆಂಟರ ಸೊಸೆಯಂದಿರು, ನಾದಿನಿಯರು ಇಷ್ಟಿಷ್ಟೇ ಅಕ್ಕಿ ಹಾಕಿ, ದೀರ್ಘಾಯುಷ್ಮಾನ್ ಭವ ಎಂದು ಬೋಳು ತಲೆ ನೇವರಿಸಿದರು.

ಕೊನೆಗೆ ಮದುವೆ. ಬಾಸಿಂಗ ಕಟ್ಟಿಕೊಂಡು ವರ ಮಣೆಯ ಮೇಲೆ ಕೂತ. ಶ್ರೀಗೌರಿ ರೇಷ್ಮೆ ಸೀರೆಯುಟ್ಟು ಬಂದಳು, ಮಣೆಯ ಹತ್ತಿರ ನಿಂತಳು, ಕೂರಲಿಲ್ಲ. ಹೆಣ್ಣು ಕೊಡುವವರು ಯಾರು ಎಂದು ಆಚಾರ್ಯರು ಕೇಳಿದರು. ಅಪ್ಪ ಇಲ್ಲ, ಅಣ್ಣತಮ್ಮಂದಿರು ಮೊದಲೇ ಇಲ್ಲ. ಆಚಾರ್ಯರು ಪುಸ್ತಕ ತಿರುವಿ, ಕೊಡುವವರು ಯಾರೂ ಇಲ್ಲದಿದ್ದರೆ ಕನ್ಯೆ ತಾನೇ ವರನನ್ನು ಆರಿಸಿಕೊಳ್ಳಬಹುದೆಂಬ ವಚನ ಇದೆ ಎಂದರು. ಅದು ಬರೀ ಒಂದು ಶಾಸ್ತ್ರ ಎಂಬಂತೆ, ತಾಳಿಯ ತಟ್ಟೆ ಹತ್ತಿರಕ್ಕೆ ಎಳೆದುಕೊಳ್ಳುತ್ತಲೇ, ಏನಮ್ಮ, ಒಪ್ಪಿಗೆಯೇ ಎಂದು ಕೇಳಿದರು.

ವಾಲಗದವರು ಗಟ್ಟಿಮೇಳಕ್ಕೆ ಉಸಿರು ತುಂಬಿಕೊಂಡು ಕಾಯುತ್ತಿದ್ದರು. ಶ್ರೀಗೌರಿ ಹುಡುಗನನ್ನು ಬೋಳು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು.

“ಹುಡುಗನಿಗೆ ಅಡುಗೆ ಬರತ್ತಾ?”

ವಾಲಗದವರ ಉಸಿರು ಹಾಗೇ ಹೊರಗೆ ಹೋಯಿತು. ಬರುವುದಿಲ್ಲ ಎಂದರು ಗೋದಮ್ಮ, ಹೆತ್ತ ತಾಯಿಯ ಪ್ರಾಮಾಣಿಕತೆಯಿಂದ. ಕೆಲಸದಲ್ಲಿ ಇದ್ದಾನೋ ಎಂದು ಶ್ರೀಗೌರಿ ಕೇಳಿದಳು. ಈ ತಿಂಗಳ ಕೊನೆಗೆ ನಿವೃತ್ತಿ ಎಂದು ಹಿಂದಿನಿಂದ ಪರಮೇಶ್ ಉತ್ಸಾಹದಿಂದ ಹೇಳಿದ. ಚಲುವನಾರಾಯಣರು ಮಣೆಯಿಂದ ಅರ್ಧ ಎದ್ದು, ಎಲ್ಲರೂ ನೋಡುತ್ತಿದ್ದಾರೆ ಗೌರಿ ಎಂದು ಬೇಡಿಕೊಂಡರು.

“ನೋಡ್ಲಿ ಬಿಡಿ. ಹಿಂದೆ ನನ್ನ ನೋಡೋಕೆ ಬಂದಾಗ್ಲೂ ಎಲ್ಲಾ ನೋಡಿದ್ರಿ. ಹಾಡು ಹೇಳಿಸಿದ್ರಿ, ನಡೆಸಿ ನೋಡಿದ್ರಿ. ಉಪ್ಪಿಟ್ಟು, ಕೇಸರಿಬಾತು ತಿಂದು, ಊರಿಗೆ ಹೋಗಿ ತಿಳಿಸ್ತೀವಿ ಅಂತ ಎದ್ದು ಹೋದ್ರಿ. ಒಂದು ಆಷಾಢ ಪೂರ್ತಿ ನಾನು ಬಾಗಿಲು ನೋಡ್ಕೊಂಡು ಕೂತಿದ್ದೆ. ನಿಂಗೆ ಹುಡುಗ ಒಪ್ಪಿಗೇನಾ ಅಂತ ಒಬ್ರೂ ಕೇಳ್ಲಿಲ್ಲ.” ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. “ಇವತ್ತು ಕೇಳಿದ್ದೀರಿ. ಸಂತೋಷ. ಮನೆಗೆ ಹೋಗಿ ತಿಳಿಸ್ತೀನಿ.”

ಹೀಗೆಂದು ಆಚಾರ್ಯರಿಗೆ ನಮಸ್ಕರಿಸಿ, ಮೆಟ್ಟಿಲಿಳಿದು ಹೊರಟಳು. ರೇವಮ್ಮ ಹಿಂದೆ ಹೋದರು. ಗೋದಮ್ಮ ಕೋಲು ಹಿಡಿದು, ಇರೇ ಗೌರಿ, ನಾನೂ ಬರ್ತೀನಿ ಎಂದು ಎದ್ದರು. ಅಷ್ಟರಲ್ಲಿ ಯಾರೋ ಎಲೆ ಹಾಕಿದೆ ಎಂದರು. ಗಂಗಾಧರಯ್ಯನವರು ಮೊದಲು ಎದ್ದರು, ಅವರ ಹಿಂದೆ ಸಭೆ ಎದ್ದಿತು.

ಬಾಸಿಂಗ ಕಟ್ಟಿದ ವಂಶಿ ಒಬ್ಬರೇ ಮಣೆಯ ಮೇಲೆ ಉಳಿದರು. ಅಳಸಿಂಗಾಚಾರ್ಯರು ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದರು. ಎಷ್ಟು ದಿನ ಕಾಯಬೇಕು ಸ್ವಾಮಿ ಎಂದು ವಂಶಿ ಸಣ್ಣ ದನಿಯಲ್ಲಿ ಕೇಳಿದರು. ಆಚಾರ್ಯರು ಸುತ್ತಿದ್ದನ್ನು ಬಿಚ್ಚಿ, ಮೊದಲಿನಿಂದ ಕೊನೆಯವರೆಗೂ ಇನ್ನೊಮ್ಮೆ ನೋಡಿದರು.

“ಇದರಲ್ಲಿ ಏನೂ ಹೇಳಿಲ್ಲ ಕಣಪ್ಪ. ಹೆಣ್ಣಿನ ಕಡೆಯೋರು ತಿಳಿಸೋವರೆಗೂ ಕಾಯಬೇಕು.”